ಖಳನಿಗೂ ಒಂದು ಪ್ರಾಣ



ಮೊನ್ನೆ ಭಾನುವಾರ ನಮ್ಮ ಮನೆ ಹಜಾರದ ತುಂಬ ಅವರೆಕಾಯಿ. ಸೊಗಡು ಘಮ್ಮೆನ್ನುವ ಕಾಯಿ ಸಿಕ್ಕಿತು ಅಂತ ಮಗ ಐದು ಕಿಲೋ ತಂದು ಸುರಿದಿದ್ದ. ಹಿತಕಿದ ಬೇಳೆ ಸಾರು ಎಲ್ಲರಿಗೂ ಬೇಕು, ಸುಲಿಯೋಕೆ ಮಾತ್ರ ಯಾರೂ ಇಲ್ಲ! ಕೊನೆಗೆ ನಾನು, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಮೂವರೇ ಹಳೇ ಪೇಪರು ಹಾಸಿಕೊಂಡು ಕೂತೆವು. ಬೇಸರ ಕಳೆಯಲು ಟಿ.ವಿ. ಹಾಕಿದರೆ 'ರಾಮ್ ಔರ್ ಶ್ಯಾಮ್' ಬರುತ್ತಿತ್ತು. 1967ರ ಹಿಂದಿ ಚಿತ್ರ. ದಿಲೀಪ್ ಕುಮಾರ್ ಅವರದು ಅದರಲ್ಲಿ ಎರಡು ಪಾತ್ರ: ಅಂಜುಬುರುಕ ರಾಮ್, ಗಟ್ಟಿಗ ಶ್ಯಾಮ್. ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ.

ಸ್ವಲ್ಪ ಹೊತ್ತಿಗೆ ಮೊಮ್ಮಗಳು ಸುಲಿಯುವುದನ್ನು ನಿಲ್ಲಿಸಿ, "ಅಜ್ಜೀ, ಆ ಚಾಟಿ ಹಿಡ್ಕೊಂಡಿರೋನು ಯಾರು? ಹೀರೋಗಿಂತ ಅವನ್ನೇ ನೋಡ್ಬೇಕು ಅನ್ಸುತ್ತೆ" ಅಂದಳು.

ನನಗೆ ಎಷ್ಟು ಸಂತೋಷವಾಯಿತು ಗೊತ್ತೆ? ಐವತ್ತು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ ಗುಟ್ಟನ್ನು ಇನ್ನೊಬ್ಬಳು ಬಾಯಿಬಿಟ್ಟು ಹೇಳಿದ ಹಾಗಾಯಿತು. ಇವತ್ತು ನಿಮ್ಮ ಮುಂದೆಯೂ ಒಪ್ಪಿಕೊಂಡುಬಿಡುತ್ತೇನೆ. ನಾನು ಪ್ರಾಣ್ ಅವರ ಅಭಿಮಾನಿ. ನಮ್ಮ ಕಾಲದ ಹುಡುಗಿಯರು ದೇವಾನಂದ್, ಶಮ್ಮಿ ಕಪೂರ್, ರಾಜೇಶ್ ಖನ್ನಾ ಅಂತ ಪುಸ್ತಕದ ಒಳಗೆ ಚಿತ್ರ ಅಂಟಿಸಿಕೊಳ್ಳುತ್ತಿದ್ದರು. "ನಂಗೆ ಪ್ರಾಣ್ ಇಷ್ಟ" ಅಂದಿದ್ದರೆ ನನ್ನನ್ನು ಯಾವುದಾದರೂ ಮಂತ್ರವಾದಿ ಹತ್ತಿರ ಕರೆದುಕೊಂಡು ಹೋಗುತ್ತಿದ್ದರೋ ಏನೋ!

ಅವರ ಹೆಸರನ್ನೇ ನೋಡಿ. ಪ್ರಾಣ ಅಂದರೆ ಉಸಿರು, ಜೀವ. ತಂದೆತಾಯಿ ಎಷ್ಟು ಪ್ರೀತಿಯಿಂದ ಇಟ್ಟ ಹೆಸರಿರಬೇಕು! ಅಂಥ ಹೆಸರನ್ನು ಉತ್ತರ ಭಾರತದಲ್ಲಿ ಒಂದು ಕಾಲಕ್ಕೆ ಯಾರೂ ಮಕ್ಕಳಿಗೆ ಇಡುತ್ತಿರಲಿಲ್ಲವಂತೆ. ನಮ್ಮಲ್ಲಿ ರಾವಣ, ದುಶ್ಶಾಸನ ಅಂತ ಯಾರಾದರೂ ಇಡುತ್ತಾರೆಯೇ? ಹಾಗೆ. ಒಬ್ಬ ನಟ ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಅದು!

ಅವರ ಕಥೆಯನ್ನು ಮೊಮ್ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೂರ್ತಿ ಹೆಸರು ಪ್ರಾಣ್ ಕೃಷ್ಣ ಸಿಕಂದ್. ಹುಟ್ಟಿದ್ದು 1920ರ ಫೆಬ್ರವರಿ 12ರಂದು, ಹಳೇ ದಿಲ್ಲಿಯಲ್ಲಿ. ಫೋಟೋ ತೆಗೆಯುವ ಕಸುಬು ಹಿಡಿದರು. ಆ ಕೆಲಸದ ಮೇಲೆ ಶಿಮ್ಲಾದಲ್ಲಿದ್ದಾಗ ಅಲ್ಲಿನ ರಾಮಲೀಲೆಯಲ್ಲಿ ಪಾತ್ರ ಮಾಡಿದರು. ಯಾವ ಪಾತ್ರ ಅಂತೀರಿ? ಸೀತೆ! ಎದುರಿಗೆ ರಾಮನಾಗಿದ್ದವರು ಮದನ್ ಪುರಿ. ಅವರೂ ಮುಂದೆ ಹಿಂದಿ ಚಿತ್ರಗಳ ಹೆಸರಾಂತ ಖಳನಾಯಕರೇ ಆದರು. ಆವತ್ತಿನ ರಾಮ, ಸೀತೆ ಇಬ್ಬರೂ ಕೊನೆಗೆ ಸೇರಿದ್ದು ರಾವಣನ ಪಾಳಯಕ್ಕೆ! ಇದನ್ನು ಕೇಳಿ ನಮ್ಮ ಸೊಸೆ ನಕ್ಕಿದ್ದಕ್ಕೆ ಅರ್ಧ ಬೋಗುಣಿ ಕಾಳು ಚೆಲ್ಲಿತು.

ಆಮೇಲೆ ಲಾಹೋರು. ಅಲ್ಲಿ ಒಂದು ಪಾನ್ ಅಂಗಡಿ ಮುಂದೆ ನಿಂತು ಪಾನ್ ಅಗಿಯುತ್ತಿದ್ದ ಠೀವಿಯನ್ನು ಚಿತ್ರಸಾಹಿತಿ ವಲಿ ಮೊಹಮ್ಮದ್ ವಲಿ ಎಂಬುವರು ನೋಡಿದರು. ನನ್ನ ಕಥೆಯ ಪಾತ್ರ ಇವನೇ ಅಂದುಕೊಂಡರು. ಹಾಗೆ 1940ರಲ್ಲಿ 'ಯಮ್ಲಾ ಜಟ್' ಎಂಬ ಪಂಜಾಬಿ ಚಿತ್ರದಲ್ಲಿ ಖಳನಾಗಿ ಬಂದರು. 1942ರ 'ಖಾನ್‌ದಾನ್' ಚಿತ್ರದಲ್ಲಿ ನೂರ್ ಜಹಾನ್ ಎದುರು ನಾಯಕನೂ ಆದರು. ಆದರೆ ಮರ ಸುತ್ತಿ ಹಾಡುವುದು ಆ ಮನುಷ್ಯನಿಗೆ ಒಗ್ಗಲಿಲ್ಲ. ಅಷ್ಟರಲ್ಲಿ ದೇಶ ವಿಭಜನೆ. ಲಾಹೋರಿನಲ್ಲಿ ಕಟ್ಟಿಕೊಂಡಿದ್ದ ಹೆಸರು, ಮನೆ ಎಲ್ಲ ಅಲ್ಲೇ ಉಳಿಯಿತು. 1947ರ ಆಗಸ್ಟಿನಲ್ಲಿ ಹೆಂಡತಿ, ಎಳೇ ಮಗುವಿನೊಂದಿಗೆ ಬೊಂಬಾಯಿಗೆ ಬಂದಾಗ ಅವರು ಮತ್ತೆ ಯಾರೂ ಅಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ ಬಾಂಬೆ ಟಾಕೀಸ್‌ನ 'ಜಿದ್ದಿ' ಸಿಕ್ಕಿತು. ಅದು 1948. ಅಲ್ಲಿಂದ ಮುಂದೆ ತಿರುಗಿ ನೋಡಲಿಲ್ಲ. ಒಟ್ಟು ಮುನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳು.

ಸಂಖ್ಯೆ ಯಾರಿಗೆ ಬೇಕು ಹೇಳಿ? ಸಂಖ್ಯೆಗಿಂತ ದೊಡ್ಡದು, ಅವರು ಮಾಡಿದ ರೀತಿ.

ಆ ಕಾಲದ ಎಷ್ಟೋ ಖಳರು ಪರದೆಗೆ ಬಂದ ತಕ್ಷಣ ಕಣ್ಣು ಕೆಂಪಗೆ ಮಾಡಿ ಅಟ್ಟಹಾಸದಿಂದ ನಗುತ್ತಿದ್ದರು. ಮಕ್ಕಳಿಗೂ ಗೊತ್ತಾಗುತ್ತಿತ್ತು, ಇವನು ಕೆಟ್ಟವನು ಅಂತ. ಪ್ರಾಣ್ ಹಾಗಲ್ಲ. ಒಳ್ಳೇ ಬಟ್ಟೆ, ಬಾಚಿದ ಕ್ರಾಪು, ಮೆತ್ತನೆ ಮಾತು, ಉರ್ದುವಿನ ಸೊಗಸು. 'ಬಡೀ ಬೆಹೆನ್' (1949) ಚಿತ್ರದಲ್ಲಿ ಸಿಗರೇಟಿನ ಹೊಗೆಯನ್ನು ಉಂಗುರ ಉಂಗುರವಾಗಿ ಬಿಡುತ್ತಾ ಬರುತ್ತಾರೆ. ಬಾಯಲ್ಲಿ ಒಂದು ಮಾತೂ ಬೇಡ, ಆ ಉಂಗುರಗಳೇ ಸಾಕು! ಒಂದೊಂದು ಚಿತ್ರಕ್ಕೂ ಮೀಸೆ, ವಿಗ್ಗು, ನಡಿಗೆ, ಮಾತಿನ ಲಯ ಎಲ್ಲವನ್ನೂ ಬೇರೆ ಮಾಡಿಕೊಳ್ಳುತ್ತಿದ್ದರು.

ಮೇಲಿನ ವೇಷ ಎಲ್ಲರೂ ಹಾಕಬಹುದು, ಒಳಗಿನದು ಕಷ್ಟ. 1960ರ 'ಜಿಸ್ ದೇಶ್ ಮೇ ಗಂಗಾ ಬೆಹ್ತೀ ಹೈ' ನೋಡಿದ್ದೀರಾ? ಅದರಲ್ಲಿ ರಾಕಾ ಎಂಬ ಡಕಾಯಿತ. ಕಲ್ಲು ಹೃದಯದವನು. ಆದರೆ ಆಗಾಗ ತನ್ನ ಬೆರಳನ್ನು ಕುತ್ತಿಗೆಯ ಸುತ್ತ, ಕಾಲರಿನ ಒಳಗೆ ಆಡಿಸಿಕೊಳ್ಳುತ್ತಾನೆ. ಏಕೆ ಗೊತ್ತೆ? ಒಂದಲ್ಲ ಒಂದು ದಿನ ನೇಣಿನ ಹಗ್ಗ ಈ ಕುತ್ತಿಗೆಗೇ ಬೀಳುತ್ತೆ ಅನ್ನುವ ಭಯ ಅವನಿಗೆ ನಿದ್ದೆಯಲ್ಲೂ ಬಿಟ್ಟಿಲ್ಲ! ಊರನ್ನೆಲ್ಲ ಹೆದರಿಸುವವನೇ ಹೆದರಿಕೊಂಡು ಬದುಕುತ್ತಿದ್ದಾನೆ ಅನ್ನುವುದನ್ನು ಒಂದು ಬೆರಳಿನಲ್ಲಿ ಹೇಳಿಬಿಟ್ಟರು. ಹಾಗೆಯೇ ಬಿಮಲ್ ರಾಯ್ ಅವರ 'ಮಧುಮತಿ' (1958). ಅದರ ರಾಜಾ ಉಗ್ರನಾರಾಯಣನ ದರ್ಪ ನೋಡಿದರೆ ಮೈ ಉರಿಯುತ್ತೆ. ಕೊನೆಯಲ್ಲಿ ತಾನು ಕೊಂದ ಹುಡುಗಿಯೇ ಎದುರಿಗೆ ನಿಂತಿದ್ದಾಳೆ ಅನ್ನಿಸಿದಾಗ ಆ ದರ್ಪವೆಲ್ಲ ಕಳಚಿ ಬೀಳುತ್ತೆ ನೋಡಿ, ಸಿಪ್ಪೆ ಸುಲಿದ ಕಾಳಿನ ಹಾಗೆ.

ಈಗ ಮತ್ತೆ 'ರಾಮ್ ಔರ್ ಶ್ಯಾಮ್'ಗೆ ಬರೋಣ. ಇದರ ಖಳ ಕಾಡಿನ ಡಕಾಯಿತನಲ್ಲ, ಬೆಟ್ಟದ ಜಮೀನ್ದಾರನೂ ಅಲ್ಲ. ಮನೆಯ ಅಳಿಯ! ಗಜೇಂದ್ರ ಅಂತ ಹೆಸರು. ರಾಮ್‌ನ ಅಕ್ಕನ ಗಂಡ. ಹೆಂಡತಿಯ ತವರಿನ ಆಸ್ತಿ ಮೇಲೆ ಕಣ್ಣು, ಕೈಯಲ್ಲಿ ಚಾಟಿ. ಬೆಳೆದು ನಿಂತ ಭಾವಮೈದುನನನ್ನು ದನಕ್ಕೆ ಹೊಡೆದ ಹಾಗೆ ಹೊಡೆಯುತ್ತಾನೆ. ಅಕ್ಕನ ಪಾತ್ರದಲ್ಲಿ ನಿರೂಪಾ ರಾಯ್.

ಈ ಚಿತ್ರ ನಮ್ಮೂರ ಟೆಂಟಿಗೆ ಬಂದಾಗ ನಾನಿನ್ನೂ ಲಂಗ ದಾವಣಿಯ ಹುಡುಗಿ. ಅಮ್ಮ, ನಾನು, ರಜೆಗೆ ಅಂತ ನಮ್ಮ ಮನೆಗೆ ಬಂದಿದ್ದ ದೊಡ್ಡಮ್ಮ, ಮೂವರೂ ಹೆಂಗಸರ ಕಡೆ ಚಾಪೆ ಮೇಲೆ ಕೂತಿದ್ದೆವು. ದೊಡ್ಡಮ್ಮ ಅಂದರೆ ಅಮ್ಮನ ಸ್ವಂತ ಅಕ್ಕ. ಹಿಂದಿ ಒಂದಕ್ಷರವೂ ಬಾರದು. ಕಥೆ ಅರ್ಥವಾಗಲಿ ಅಂತ ನಾನು ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕೈ ಅದುಮಿ, "ನೀ ಸುಮ್ನಿರು ಮಗಾ, ನಂಗೆ ಗೊತ್ತಾಗ್ತಿದೆ" ಅಂದರು.

ಪರದೆಯ ಮೇಲೆ ಗಜೇಂದ್ರ ಬಂದಾಗಲೆಲ್ಲ ಟೆಂಟಿನ ಹೆಂಗಸರು "ನಿನ್ ಕೈ ಸೇದಿಹೋಗ" ಅಂತ ಶಾಪ ಹಾಕುತ್ತಿದ್ದರು. ದೊಡ್ಡಮ್ಮ ಮಾತ್ರ ಒಂದು ಶಾಪವನ್ನೂ ಹಾಕಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಕೊನೆಗೆ ರಾಮ್‌ನ ಜಾಗದಲ್ಲಿ ಬಂದ ಶ್ಯಾಮ್ ಅದೇ ಚಾಟಿ ಕಿತ್ತುಕೊಂಡು ತಿರುಗಿಸಿ ಬಾರಿಸಿದಾಗ ಇಡೀ ಟೆಂಟು ಎದ್ದು ಚಪ್ಪಾಳೆ ಹೊಡೆಯಿತು. ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಮನೆಗೆ ಬರುವಾಗ ದಾರಿಯಲ್ಲಿ ಅಮ್ಮ, "ಅಯ್ಯೋ, ಸಿನಿಮಾ ಕಣೇ ಅಕ್ಕಾ, ಅದಕ್ಕ್ಯಾಕೆ ಅಳ್ತೀಯಾ" ಅಂದಳು.

ದೊಡ್ಡಮ್ಮ ಅಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅವನು ಚಾಟಿ ತಗೊಳ್ಳೋದನ್ನ ನೋಡ್ದಾ? ಎಷ್ಟು ನಿಧಾನ. ಅವಸರಾನೇ ಇಲ್ಲ. ಆ ನಿಧಾನ ನಂಗೆ ಗೊತ್ತು. ಅವನು ಒಳಗೆ ಬಂದ್ರೆ ಮನೇಲಿರೋರೆಲ್ಲ ಬರೀ ಕಿವಿಯಾಗಿಬಿಡ್ತಾರೆ, ಅದೂ ಗೊತ್ತು."

ಅಮ್ಮ ದಾರಿಯಲ್ಲೇ ನಿಂತುಬಿಟ್ಟಳು.

ನಮ್ಮ ದೊಡ್ಡಪ್ಪ ಅಂದರೆ ಊರಿಗೆಲ್ಲ ಸಜ್ಜನ. ಯಾರ ಮನೆಯ ಮದುವೆಯಾದರೂ ಮುಂದೆ ನಿಂತು ಮಾಡಿಸುವವರು, ಎಂದೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ದೊಡ್ಡಮ್ಮ ಎರಡು ಮೂರು ಸಲ ಬಾಯಿಬಿಟ್ಟು ಹೇಳಿಕೊಂಡಿದ್ದರಂತೆ. ತವರಿನಲ್ಲಿ ಯಾರೂ ನಂಬಲಿಲ್ಲ. "ಅಂಥಾ ಮೃದು ಮನುಷ್ಯ ಹೊಡೀತಾರಾ? ನೀನೇ ಏನೋ ಅಂದಿರ್ತೀಯಾ. ಅನುಸರಿಸಿಕೊಂಡು ಹೋಗು" ಅಂದಿದ್ದರು. ಹಾಗಂದವರಲ್ಲಿ ನಮ್ಮಮ್ಮನೂ ಒಬ್ಬಳು. ಕೆಟ್ಟವನು ಅಂದರೆ ಕುಡಿದು ತೂರಾಡುವವನು, ಬೀದಿಯಲ್ಲಿ ಕೂಗಾಡುವವನು ಅಂತಲೇ ಎಲ್ಲರ ಲೆಕ್ಕ. ಇಸ್ತ್ರಿ ಬಟ್ಟೆಯ, ಮೆತ್ತನೆ ಮಾತಿನ, ನಿಧಾನಸ್ಥ ಕೆಟ್ಟವನೂ ಇರುತ್ತಾನೆ ಅಂತ ಅಮ್ಮನ ಕಣ್ಣಿಗೆ ಕಟ್ಟಿದ ಹಾಗೆ ತೋರಿಸಿದ್ದು ಆ ಚಿತ್ರ. ತೋರಿಸಿದವರು ಪ್ರಾಣ್.

ಆ ರಜೆ ಮುಗಿದ ಮೇಲೆ ದೊಡ್ಡಮ್ಮ ವಾಪಸು ಹೋಗಲಿಲ್ಲ. ದೊಡ್ಡಪ್ಪ ಎರಡು ಸಲ ಹಣ್ಣು ಹೂವು ತಗೊಂಡು ಕರೆಯಲು ಬಂದರು. ಎಂದಿನಂತೆ ನಗುನಗುತ್ತಲೇ ಮಾತಾಡಿದರು. ಅಮ್ಮ ಕಾಫಿ ಕೊಟ್ಟಳು, ಆದರೆ ಅಕ್ಕನನ್ನು ಕಳಿಸಲಿಲ್ಲ. ನೆಂಟರಿಷ್ಟರು ಆಡಿಕೊಂಡರು. ಅಪ್ಪನಿಗೂ ಮೊದಮೊದಲು ಇಷ್ಟವಿರಲಿಲ್ಲ. ದೊಡ್ಡಮ್ಮ ಹಪ್ಪಳ ಒತ್ತಿ, ರವಿಕೆ ಹೊಲಿದು ತಮ್ಮ ಖರ್ಚು ತಾವೇ ನೋಡಿಕೊಂಡು ಕೊನೇವರೆಗೂ ನಮ್ಮ ಮನೆಯಲ್ಲೇ ಇದ್ದರು. ಅಮ್ಮ ಮತ್ತೆಂದೂ ಯಾವ ಹೆಣ್ಣುಮಗಳಿಗೂ "ಅನುಸರಿಸಿಕೊಂಡು ಹೋಗು" ಅನ್ನುವ ಬುದ್ಧಿಮಾತು ಹೇಳಲಿಲ್ಲ. ಮೊದಲು ಕೂರಿಸಿಕೊಂಡು ಪೂರ್ತಿ ಕೇಳುತ್ತಿದ್ದಳು.

ಒಂದು ಸಿನಿಮಾದಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ದೊಡ್ಡಮ್ಮನ ಮನಸ್ಸಿನಲ್ಲಿ ಅದು ಎಂದೋ ಗಟ್ಟಿಯಾಗಿತ್ತೇನೋ. ಆದರೆ ಬಾಯಲ್ಲಿ ಹೇಳಿದರೆ ಯಾರೂ ನಂಬದ್ದನ್ನು ಬೆರಳಿಟ್ಟು ತೋರಿಸಲು ಅವರಿಗೊಂದು ಮುಖ ಬೇಕಿತ್ತು. ಭಾಷೆ ಗೊತ್ತಿಲ್ಲದ ಹೆಂಗಸಿಗೂ ತಿಳಿಯುವ ಹಾಗೆ ಅಭಿನಯಿಸಿದ ಆ ಮುಖಕ್ಕೆ ನಾನು ಅಭಿಮಾನಿಯಾದದ್ದು ತಪ್ಪೇ? ನೀವೇ ಹೇಳಿ.

ಇನ್ನೊಂದು ವಿಚಿತ್ರ ಕೇಳಿ. ಜನ ಗಜೇಂದ್ರನಿಗೆ ಶಾಪ ಹಾಕುತ್ತಿದ್ದ ಅದೇ 1967ರಲ್ಲಿ ಮನೋಜ್ ಕುಮಾರ್ ಅವರ 'ಉಪಕಾರ್' ಕೂಡ ಬಂತು. ಅದರಲ್ಲಿ ಪ್ರಾಣ್ ಕಾಲು ಕಳೆದುಕೊಂಡು ಊರುಗೋಲಿನ ಮೇಲೆ ನಡೆಯುವ ಮಲಂಗ್ ಚಾಚಾ. ಮಾತು ಒರಟು, ಮನಸ್ಸು ಬೆಣ್ಣೆ. ಮನ್ನಾ ಡೇ ಅವರು ಹಾಡಿದ ಆ ಚಿತ್ರದ ಪ್ರಸಿದ್ಧ ಗೀತೆಯನ್ನು ಪ್ರಾಣ್‌ಗೆ ಕೊಡುವುದಕ್ಕೆ ಸಂಗೀತ ನಿರ್ದೇಶಕ ಕಲ್ಯಾಣ್‌ಜೀ ಅವರಿಗೇ ಮೊದಲು ಮನಸ್ಸಿರಲಿಲ್ಲವಂತೆ. ಖಳನ ಬಾಯಲ್ಲಿ ಇಷ್ಟು ಒಳ್ಳೇ ಹಾಡೇ ಅಂತ! ಚಿತ್ರ ತೆರೆಕಂಡ ಮೇಲೆ ಆ ಹಾಡು, ಆ ಮುಖ ಎರಡನ್ನೂ ಬೇರೆ ಮಾಡಲು ಯಾರಿಂದಲೂ ಆಗಲಿಲ್ಲ. ನೆನ್ನೆ ಬೈದವರೇ ಇವತ್ತು ಕಣ್ಣೊರೆಸಿಕೊಂಡರು.

ಆಮೇಲೆ ಅವರಿಗೆ ಬಂದ ಪಾತ್ರಗಳ ಬಣ್ಣವೇ ಬೇರೆಯಾಯಿತು. ಗುಲ್ಜಾರ್ ಅವರ 'ಪರಿಚಯ್' (1972) ಚಿತ್ರದಲ್ಲಿ ಶಿಸ್ತಿನ ಹೆಸರಿನಲ್ಲಿ ಮಗನನ್ನೇ ಕಳೆದುಕೊಂಡು, ಮೊಮ್ಮಕ್ಕಳ ಮುಂದೆ ಒಳಗೊಳಗೇ ಕರಗುವ ಅಜ್ಜ. 'ಜಂಜೀರ್' (1973) ಚಿತ್ರದಲ್ಲಿ ಜೂಜಿನ ಅಡ್ಡೆ ಬಿಟ್ಟು, ಕೊಟ್ಟ ಮಾತಿಗೆ ಪ್ರಾಣ ಕೊಡಲೂ ಸಿದ್ಧನಾಗುವ ಪಠಾಣ ಶೇರ್ ಖಾನ್. ಇವೂ ಅದೇ ಕೈಯ ಅಡಿಗೆ ನೋಡಿ. ಖಳನ ಎದೆಯಲ್ಲಿ ಒಂದು ಭಯವಿದೆ ಅಂತ ಬಲ್ಲವರಿಗೆ, ಒರಟನ ಎದೆಯಲ್ಲಿ ಕರುಣೆ ಎಲ್ಲಿ ಅಡಗಿರುತ್ತೆ ಅಂತಲೂ ಗೊತ್ತಿರುತ್ತದೆ.

ನಿಜ ಜೀವನದಲ್ಲಿ ಮನುಷ್ಯ ಹೇಗೆ ಅಂತ ಕೇಳುತ್ತೀರಲ್ಲವೇ? ಹೆಂಡತಿ, ಮೂರು ಮಕ್ಕಳ ಅಚ್ಚುಕಟ್ಟಾದ ಸಂಸಾರ. ಉರ್ದು ಶಾಯರಿಯ ಹುಚ್ಚು, ಫುಟ್‌ಬಾಲ್ ಆಟದ ಹುಚ್ಚು. ಅವರ ದೊಡ್ಡತನಕ್ಕೆ ಒಂದೇ ಸಂಗತಿ ಹೇಳುತ್ತೇನೆ. 'ಬೇ-ಈಮಾನ್' (1972) ಚಿತ್ರಕ್ಕೆ ಅವರಿಗೆ ಫಿಲಂಫೇರ್ ಪ್ರಶಸ್ತಿ ಬಂತು. ಅದೇ ಚಿತ್ರದ ಸಂಗೀತಕ್ಕೂ ಪ್ರಶಸ್ತಿ ಬಂತು. ಆದರೆ ಅದು 'ಪಾಕೀಜಾ' ಚಿತ್ರದ ಗುಲಾಮ್ ಮೊಹಮ್ಮದ್ ಅವರಿಗೆ ಸಲ್ಲಬೇಕಿತ್ತು ಅನ್ನುವುದು ಪ್ರಾಣ್ ಅವರ ನ್ಯಾಯ. ಗುಲಾಮ್ ಮೊಹಮ್ಮದ್ 1968ರಲ್ಲೇ ತೀರಿಕೊಂಡಿದ್ದರು, ತಮ್ಮ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಪ್ರಾಣ್ ತಮ್ಮ ಪ್ರಶಸ್ತಿಯನ್ನೇ ಬೇಡವೆಂದುಬಿಟ್ಟರು! ತೀರಿಹೋದವರೊಬ್ಬರಿಗಾಗಿ ಕೈಗೆ ಬಂದ ಬಹುಮಾನ ಬಿಡುವುದು ಎಷ್ಟು ಜನ ನಾಯಕರಿಂದ ಆದೀತು?

ತಡವಾದರೂ ಗೌರವ ಬಂತು ಅನ್ನಿ. 2001ರಲ್ಲಿ ಪದ್ಮಭೂಷಣ. 2012ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2013ರ ಮೇ ತಿಂಗಳಲ್ಲಿ ಅವರ ಮನೆಗೇ ಹೋಗಿ ಕೊಟ್ಟರು. ದಿಲ್ಲಿಗೆ ಹೋಗುವಷ್ಟು ಶಕ್ತಿ ಆ ವೇಳೆಗೆ ಉಳಿದಿರಲಿಲ್ಲ. ಅದೇ ಜುಲೈ 12ರಂದು ಮುಂಬಯಿಯಲ್ಲಿ ತೀರಿಕೊಂಡರು. ತೊಂಬತ್ತಮೂರು ವರ್ಷದ ತುಂಬು ಬದುಕು.

ನಮ್ಮ ಕನ್ನಡದಲ್ಲೂ ಇಂಥ ಋಣ ನಮ್ಮ ಮೇಲಿದೆ. ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ' (1969) ಚಿತ್ರದಿಂದ ಬಂದ ವಜ್ರಮುನಿ ಅವರನ್ನು ನಮ್ಮ ತಾಯಂದಿರು ಎಷ್ಟು ಬೈದಿಲ್ಲ! 2006ರಲ್ಲಿ ಅವರು ಹೋದಾಗ, ನಮ್ಮ ಮನೆಯವರೇ ಒಬ್ಬರು ಹೋದ ಹಾಗೆ ಪೆಚ್ಚಾಗಿ ಕೂತವರಲ್ಲಿ ನಾನೂ ಒಬ್ಬಳು. ಬದುಕಿದ್ದಾಗ ಇವರಿಗೆಲ್ಲ ಒಂದು ಒಳ್ಳೆಯ ಮಾತು ಹೇಳಲು ನಾವು ಯಾಕೆ ಅಷ್ಟು ಜಿಪುಣತನ ಮಾಡಿದೆವೋ!

ಇದನ್ನು ಓದಿ ಕೆಲವರು ಮೂಗು ಮುರಿಯಬಹುದು. "ಏನ್ರೀ ಇದು, ಕೆಟ್ಟವರನ್ನ ಹೊಗಳಿ ಮಕ್ಕಳಿಗೆ ಏನು ಕಲಿಸ್ತೀರಿ?" ಅಂತ. ನಾನು ಹೊಗಳುವುದು ಕೆಟ್ಟತನವನ್ನಲ್ಲ ತಾಯೀ, ಅದನ್ನು ಬಿಡಿಸಿ ತೋರಿಸಿದವರನ್ನು. ಹಾಗಲಕಾಯಿ ಕಹಿ ಅಂತ ಅಡಿಗೆಮನೆಯಿಂದಲೇ ಆಚೆ ಇಟ್ಟರೆ ಮಗುವಿನ ನಾಲಿಗೆಗೆ ಕಹಿ ಅಂದರೇನು ಅಂತ ತಿಳಿಯುವುದು ಯಾವಾಗ? ಖಳನಿಗೆ ಕೋರೆಹಲ್ಲು ಅಂಟಿಸಿ ತೋರಿಸಿದರೆ, ಕೋರೆಹಲ್ಲಿಲ್ಲದವರೆಲ್ಲ ಒಳ್ಳೆಯವರು ಅಂತ ನಮ್ಮ ಹೆಣ್ಣುಮಕ್ಕಳು ನಂಬಿಬಿಡುತ್ತಾರೆ. ಅದು ಎಷ್ಟು ದುಬಾರಿ ನಂಬಿಕೆ ಅಂತ ನಮ್ಮ ದೊಡ್ಡಮ್ಮನನ್ನು ಕೇಳಬೇಕಿತ್ತು.

ಅದಕ್ಕೇ ಒಂದು ಮಾತು. ಮನೆಯಲ್ಲಿ ಮಕ್ಕಳ ಜೊತೆ ಹಳೇ ಚಿತ್ರ ನೋಡುವಾಗ ಖಳ ಬಂದ ಅಂತ ಎದ್ದು ಒಗ್ಗರಣೆ ಹಾಕಲು ಹೋಗಬೇಡಿ. ಜೊತೆಯಲ್ಲಿ ಕೂತು ಕೇಳಿ: ಇವನು ನಾಲ್ಕು ಜನರ ಎದುರಿಗೆ ಹೇಗಿರುತ್ತಾನೆ? ಬಾಗಿಲು ಹಾಕಿದ ಮೇಲೆ ಹೇಗಿರುತ್ತಾನೆ? ಇವನು ಒಳಗೆ ಬಂದಾಗ ಆ ಮನೆಯ ಹೆಂಗಸಿನ ಮುಖ ಏನಾಗುತ್ತೆ? ಇಷ್ಟು ನೋಡಲು ಕಲಿತ ಹುಡುಗಿಗೆ ಗಂಡು ನೋಡುವಾಗ ಜಾತಕಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು. ನಿಮ್ಮ ಅಕ್ಕನೋ ತಂಗಿಯೋ ಸೊಸೆಯೋ ಅಂಥದ್ದೊಂದು ಮಾತು ಎತ್ತಿದರೆ, "ಛೇ, ಅಂಥವರಲ್ಲ ಅವರು" ಅನ್ನುವ ಮೊದಲು ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಕೇಳಿ.

ಹಿಂದಿ ಚಿತ್ರಗಳ ಆರಂಭದಲ್ಲಿ ಹೆಸರು ತೋರಿಸುವಾಗ ಎಲ್ಲ ನಟರ ಹೆಸರು ಮುಗಿದ ಮೇಲೆ ಕಟ್ಟಕಡೆಗೆ "ಮತ್ತು ಪ್ರಾಣ್" ಅಂತ ಬೇರೆಯಾಗಿ ಬರುತ್ತಿತ್ತು. ಅವರ ಜೀವನಚರಿತ್ರೆಯ ಪುಸ್ತಕಕ್ಕೂ ಅದೇ ಹೆಸರು. ಮೊನ್ನೆ ಮೊಮ್ಮಗಳಿಗೆ ಇದನ್ನೂ ಹೇಳಿದೆ. ಅವಳು ಕಾಳು ಸುಲಿಯುತ್ತಲೇ, "ದೊಡ್ಡಮ್ಮಜ್ಜಿ ಫೋಟೋ ಇದೆಯಾ ಅಜ್ಜೀ?" ಅಂದಳು. ಇತ್ತು. ಹೊಲಿಗೆ ಮೆಷಿನ್ ಮುಂದೆ ಕೂತು ನಗುತ್ತಿರುವುದು. ತಂದು ತೋರಿಸಿದೆ.

ಹಿತಕಿದ ಬೇಳೆ ಸಾರು ಆವತ್ತು ರಾತ್ರಿ ಒಂಬತ್ತೂವರೆಗೆ ಆಯಿತು. ತಡವಾಯಿತು ಅಂತ ಯಾರೂ ಗೊಣಗಲಿಲ್ಲ.

ನಿಮ್ಮ ಮೆಚ್ಚಿನ ಖಳ ಯಾರು? ನಾಚಿಕೆ ಬಿಟ್ಟು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.